ಹಯಾಬುಸಾ: 197 ಇದ್ದ ಪವರ್ 190ಕ್ಕೆ ಇಳಿದಿದ್ದು ಯಾಕೆ? ಹಳೆಯದು ತಗೊಳ್ಳೋದಾ, ಹೊಸದಾ?

ಬೆಣ್ಣೆದೋಸೆ_390

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಕೆಲಸ ಬೆಂಗಳೂರು. ಸದ್ಯಕ್ಕೆ ಹಳೆಯ 373 ಸಿಸಿ ಡ್ಯೂಕ್ 390 ಇದೆ. ಅದನ್ನು ಕೊಟ್ಟು ಸುಜುಕಿಯ ದೊಡ್ಡ ಬೈಕ್ ಹಯಾಬುಸಾ ತಗೊಳ್ಳಬೇಕು ಅಂತ ತಲೆಯಲ್ಲಿ ಹುಳ ಬಿಟ್ಟುಕೊಂಡಿದ್ದೇನೆ. ದುಡ್ಡಿನ ಲೆಕ್ಕ ಆಮೇಲೆ, ಮೊದಲು ಒಂದು ವಿಷಯ ಬಿಡಿಸಿ ಹೇಳಿ.

2008ರಲ್ಲಿ ಬಂದ ಎರಡನೇ ತಲೆಮಾರಿನ ಹಯಾಬುಸಾ 1340 ಸಿಸಿ, ಪವರ್ 197 ಪಿಎಸ್, ಟಾರ್ಕ್ (ಇಂಜಿನ್ ತಿರುಗಿಸುವ ಬಲ) 155 ನ್ಯೂಟನ್ ಮೀಟರ್. 2021ರಲ್ಲಿ ಬಂದ ಮೂರನೆಯದೂ ಅದೇ 1340 ಸಿಸಿ, ಆದರೆ 190 ಪಿಎಸ್, 150 ನ್ಯೂಟನ್ ಮೀಟರ್. ಇಷ್ಟು ವರ್ಷ ಕಾಯಿಸಿ ಪವರ್ ಕಡಿಮೆ ಮಾಡಿ ಕೊಡುತ್ತಾರಾ? ಬೇರೆಯವರೆಲ್ಲ ಏರಿಸ್ತಾನೇ ಇದ್ದಾರೆ. ಕವಾಸಾಕಿ ಝಡ್‌ಎಕ್ಸ್ 10ಆರ್ 998 ಸಿಸಿಯಲ್ಲೇ 203 ಪಿಎಸ್ ಕೊಡುತ್ತದೆ, ತೂಕ 207 ಕೆಜಿ. ಹಯಾಬುಸಾ ಹತ್ತಿರಹತ್ತಿರ 265 ಕೆಜಿ. ಬರೀ ಅಂಕಿ ನೋಡಿದರೆ ಹಯಾಬುಸಾ ತಗೊಳ್ಳೋಕೆ ಕಾರಣವೇ ಕಾಣಿಸುವುದಿಲ್ಲ. ಆದರೆ ಓಡಿಸಿದವರನ್ನು ಕೇಳಿದರೆ ಕಥೆಯೇ ಬೇರೆ.

ಇನ್ನೊಂದು ಗೊಂದಲ. ಒಂದು ಕಡೆ 190 ಅಂತಾರೆ, ಇನ್ನೊಂದು ಕಡೆ 187. ಯಾವುದು ಸರಿ?

ಕೊನೆಯದಾಗಿ, ಎರಡನೇ ತಲೆಮಾರಿನ ಒಂದು ಸೆಕೆಂಡ್ ಹ್ಯಾಂಡ್ ಗಾಡಿ ನೋಡಿ ಬಂದಿದ್ದೇನೆ. ಮಾಲೀಕರು "ಹೊಸದಕ್ಕಿಂತ ಇದೇ ಫಾಸ್ಟು, ಎಲೆಕ್ಟ್ರಾನಿಕ್ಸ್ ಎಲ್ಲ ಬರೀ ಶೋಕಿ" ಅಂತ ಹೇಳಿದರು. ನಿಜಾನಾ?

ಕ್ಯಾಮ್‌ಶಾಫ್ಟ್_ಕೋಲಾರ

ಮೊದಲು ಸುಲಭದ್ದು. 187 ಮತ್ತು 190 ಎರಡೂ ಸರಿ, ಅಳತೆಯ ಮಾನ ಬೇರೆ ಅಷ್ಟೇ. 190 ಪಿಎಸ್ ಅಂದರೆ 187 ಬಿಎಚ್‌ಪಿ, ಅಂದರೆ 140 ಕಿಲೋವ್ಯಾಟ್. ಹಳೆಯ 197 ಪಿಎಸ್ ಕೂಡ 194 ಬಿಎಚ್‌ಪಿ. ಬ್ರೋಷರ್ ಹೋಲಿಸುವಾಗ ಒಂದರಲ್ಲಿ ಪಿಎಸ್, ಇನ್ನೊಂದರಲ್ಲಿ ಬಿಎಚ್‌ಪಿ ಹಿಡಿದು ಜಗಳ ಆಡುವವರು ಬಹಳ ಜನ ಇದ್ದಾರೆ, ಹುಷಾರು. ಇದೆಲ್ಲ ಕ್ರ್ಯಾಂಕ್ ಲೆಕ್ಕ, ಅಂದರೆ ಇಂಜಿನ್ ಹತ್ತಿರವೇ ಅಳೆದದ್ದು. ಹಿಂದಿನ ಚಕ್ರವನ್ನು ಪವರ್ ಅಳೆಯುವ ಡೈನೋ ಯಂತ್ರದ ಮೇಲೆ ಇಟ್ಟರೆ ಸುಮಾರು ಶೇಕಡ ಹತ್ತು ಕಡಿಮೆ ಬರುತ್ತದೆ.

ಈಗ ಏಳು ಪಿಎಸ್ ಎಲ್ಲಿ ಹೋಯ್ತು ಅನ್ನೋದು. ಉತ್ತರ ಹೊಗೆ ನಿಯಮದಲ್ಲಿದೆ. ಹಳೆಯ ಇಂಜಿನ್ ಯುರೋಪಿನ ಹೊಗೆ ನಿಯಮ ಯುರೋ 4 ದಾಟಲಿಲ್ಲ, ಅದಕ್ಕೇ 2018ರ ಕೊನೆಗೆ ಯುರೋಪಿನಲ್ಲಿ ಮಾರಾಟ ನಿಂತಿತು. ನಮ್ಮಲ್ಲಿ ಅಂಥದ್ದೇ ನಿಯಮ ಬಿಎಸ್ 6 ಬಂದ 2020ರಲ್ಲಿ ನಿಂತಿತು. ಹೊಸದು ನೇರ ಯುರೋ 5ಕ್ಕೆ ಕಟ್ಟಿದ್ದು.

ಇಂಜಿನ್‌ನಲ್ಲಿ ಹೊಗೆ ಹೊರಗೆ ಹೋಗುವ ವಾಲ್ವ್ ಮುಚ್ಚುವ ಮೊದಲೇ ಗಾಳಿ ಒಳಗೆ ಬರುವ ವಾಲ್ವ್ ತೆರೆಯುತ್ತದೆ. ಕೆಲವು ಕ್ಷಣ ಎರಡೂ ತೆರೆದಿರುತ್ತವೆ. ಇದಕ್ಕೆ ಓವರ್‌ಲ್ಯಾಪ್ ಅಂತಾರೆ. ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಮೇಲಿದ್ದಾಗ ಇದು ಒಳ್ಳೆಯದು. ಹೊರಗೆ ನುಗ್ಗುವ ಹೊಗೆಯೇ ಹೊಸ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಸಿಲಿಂಡರ್ ಚೆನ್ನಾಗಿ ತುಂಬುತ್ತದೆ. ಆದರೆ ಆರ್‌ಪಿಎಂ ಕೆಳಗಿದ್ದಾಗ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿ ಹಿಡಿಯುತ್ತದೆ. ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದು ಅಲ್ಲೇ. ಹಾಗಾಗಿ ಸುಜುಕಿಯವರು ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಹೊಸದು ಹಾಕಿ ಓವರ್‌ಲ್ಯಾಪ್ ಕಡಿಮೆ ಮಾಡಿದರು. ಗಾಳಿ ಒಳಬಿಡುವ ಥ್ರಾಟಲ್ ಬಾಡಿ 44 ಮಿಮೀ ಇದ್ದದ್ದು 43 ಆಯ್ತು, ಗಾಳಿ ಎಳೆಯುವ ಕೊಳವೆ 12 ಮಿಮೀ ಉದ್ದ ಆಯ್ತು. ಪಿಸ್ಟನ್, ಕನೆಕ್ಟಿಂಗ್ ರಾಡ್ ಹೊಸವು. ಬೋರ್ (ಸಿಲಿಂಡರ್ ಅಗಲ) 81 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 65 ಮಿಮೀ ಮಾತ್ರ ಹಳೆಯದೇ.

ಇಷ್ಟು ಮಾಡಿದರೆ ತುದಿಯಲ್ಲಿ ಸ್ವಲ್ಪ ಪವರ್ ಹೋಗುತ್ತದೆ, ಮಧ್ಯದಲ್ಲಿ ಟಾರ್ಕ್ ತುಂಬಿಕೊಳ್ಳುತ್ತದೆ. ನೀವು ದಿನಾ ಓಡಿಸುವುದು ಆ ಮಧ್ಯದಲ್ಲೇ ಅಲ್ವಾ? ಗರಿಷ್ಠ ಟಾರ್ಕ್ ಮೊದಲು 7200 ಆರ್‌ಪಿಎಂಗೆ ಬರುತ್ತಿತ್ತು, ಈಗ 7000ಕ್ಕೇ ಬರುತ್ತದೆ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿದರೆ ಪವರ್. 7000ದಲ್ಲಿ 150 ನ್ಯೂಟನ್ ಮೀಟರ್ ಅಂದರೆ ಆಗಲೇ ಸುಮಾರು 150 ಪಿಎಸ್ ಸಿಕ್ಕಿಬಿಟ್ಟಿರುತ್ತದೆ. ನಿಮ್ಮ ಡ್ಯೂಕ್‌ನ ಗರಿಷ್ಠ ಟಾರ್ಕ್ 37, ಅದೂ ಇದೇ 7000 ಆರ್‌ಪಿಎಂಗೆ. ನಾಲ್ಕು ಪಟ್ಟು! ಝಡ್‌ಎಕ್ಸ್ 10ಆರ್ ತನ್ನ 114.9 ನ್ಯೂಟನ್ ಮೀಟರ್ ಕೊಡುವುದು 11400 ಆರ್‌ಪಿಎಂಗೆ. ಅಲ್ಲಿಯವರೆಗೆ ನೀವು ಅದನ್ನು ಕೂಗಿಸಬೇಕು.

ಕಾರಿಡಾರ್_ಕಾಕಾ

ಏಳು ಪಿಎಸ್ ಕಡಿಮೆ ಆಯ್ತು ಅಂತ ಕೊರಗುವವರು ಹನ್ನೆರಡು ಕೆಜಿ ತೂಕ ಇಳಿಸಿಕೊಳ್ಳಿ, ಲೆಕ್ಕ ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಬೆಣ್ಣೆದೋಸೆ ಹೆಸರಿಟ್ಟುಕೊಂಡವರಿಗೆ ಕಷ್ಟ, ಗೊತ್ತು 😄

ಷ್ಟುಟ್‌ಗಾರ್ಟ್_ಶೆಟ್ಟಿ

ಕ್ಯಾಮ್‌ಶಾಫ್ಟ್ ಅವರು ಹೇಳಿದ್ದರಲ್ಲಿ ಓವರ್‌ಲ್ಯಾಪ್ ವಿಷಯ ಪೂರ್ತಿ ಒಪ್ಪಿದೆ. ಟಾರ್ಕ್ ಹೋಲಿಕೆಗೆ ಮಾತ್ರ ಸ್ವಲ್ಪ ತಕರಾರು ಇದೆ. ಚಕ್ರಕ್ಕೆ ತಲುಪುವುದು ಗೇರ್‌ನಿಂದ ಗುಣಿಸಿದ ಟಾರ್ಕ್. 14 ಸಾವಿರದ ಹತ್ತಿರ ಹೋಗುವ ಇಂಜಿನ್‌ಗೆ ಗಿಡ್ಡ ಗೇರಿಂಗ್ ಹಾಕಬಹುದು, ಆಗ ಕ್ರ್ಯಾಂಕ್‌ನಲ್ಲಿ ಕಡಿಮೆ ಇದ್ದ ಟಾರ್ಕ್ ಚಕ್ರದಲ್ಲಿ ಸರಿಹೋಗುತ್ತದೆ. ಸರಿಯಾದ ಗೇರ್‌ನಲ್ಲಿ, ಸರಿಯಾದ ಆರ್‌ಪಿಎಂನಲ್ಲಿ ಇಟ್ಟುಕೊಂಡು ಓಡಿಸುವವನಿಗೆ ಒಂದೇ ವೇಗದಲ್ಲಿ ಜಾಸ್ತಿ ಪವರ್ ಇರುವ, ತೂಕ ಕಡಿಮೆ ಇರುವ ಗಾಡಿಯೇ ಮುಂದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ಗೆ ಎರಡನ್ನೂ ತಗೊಂಡು ಹೋಗಿ, 10ಆರ್ ಎದುರು ಹಯಾಬುಸಾ ನಿಲ್ಲುವುದಿಲ್ಲ. 58 ಕೆಜಿ ವ್ಯತ್ಯಾಸ ಪ್ರತಿ ಬ್ರೇಕಿಂಗ್‌ನಲ್ಲೂ, ಪ್ರತಿ ತಿರುವಿನಲ್ಲೂ ಲೆಕ್ಕ ಕೇಳುತ್ತದೆ.

ಹಯಾಬುಸಾ ಗೆಲ್ಲುವುದು ನೀವು ಗೇರ್ ಮುಟ್ಟದೇ ಇದ್ದಾಗ. ಆರನೇ ಗೇರ್‌ನಲ್ಲಿ ಸುಮ್ನೆ ಹೋಗುತ್ತಿರುತ್ತೀರಿ, ಮುಂದೆ ಲಾರಿ, ಪಕ್ಕ ಖಾಲಿ. ಥ್ರಾಟಲ್ ತಿರುಗಿಸಿದರೆ ಸಾಕು. ಆ ಒಂದು ಕೆಲಸಕ್ಕೆ ಕಟ್ಟಿದ ಗಾಡಿ ಅದು. ದೂರ, ವೇಗವಾಗಿ, ಆರಾಮಾಗಿ.

ಟಾಪ್ ಸ್ಪೀಡ್ ಬಗ್ಗೆ: ಗಾಳಿಯ ತಡೆ ಮೀರಲು ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 250ರಿಂದ 300ಕ್ಕೆ ಹೋಗಬೇಕಾದರೆ ವೇಗ ಶೇಕಡ 20 ಜಾಸ್ತಿ, ಪವರ್ ಶೇಕಡ 73 ಜಾಸ್ತಿ ಬೇಕು. ಇದನ್ನು ಉಲ್ಟಾ ಲೆಕ್ಕ ಹಾಕಿದರೆ 197 ಮತ್ತು 190ರ ನಡುವಿನ ವ್ಯತ್ಯಾಸ 300ರ ಹತ್ತಿರ ಮೂರೂವರೆ ಕಿಲೋಮೀಟರ್ ಅಷ್ಟೇ. ಅದೂ ಸಿಗುವುದಿಲ್ಲ, ಯಾಕಂದರೆ ಎರಡಕ್ಕೂ 299ಕ್ಕೆ ಎಲೆಕ್ಟ್ರಾನಿಕ್ ಬೇಲಿ ಇದೆ. 1999ರ ಮೊದಲ ಹಯಾಬುಸಾ 300 ದಾಟಿತು, ಮರುವರ್ಷ ಕವಾಸಾಕಿ ಝಡ್‌ಎಕ್ಸ್ 12ಆರ್ ತಂದಿತು. ಯುರೋಪಿನಲ್ಲಿ ಇಂಥ ಬೈಕ್‌ಗಳನ್ನೇ ನಿಷೇಧಿಸಬೇಕು ಅನ್ನೋ ಮಾತು ಎದ್ದಿತು. ಆಮೇಲೆ ಕಂಪನಿಗಳೇ ಒಳಗೊಳಗೆ ಮಾತಾಡಿಕೊಂಡು 299ಕ್ಕೆ ನಿಲ್ಲಿಸಿದವು. ಟ್ರ್ಯಾಕ್‌ಗೆ ಮಾತ್ರ ಮಾರುವ ಗಾಡಿಗೆ ಈ ಒಪ್ಪಂದ ಇಲ್ಲ. 2016ರಲ್ಲಿ ಟರ್ಕಿಯ ಕೆನಾನ್ ಸೊಫುವೊಲು ಸೂಪರ್‌ಚಾರ್ಜರ್ ಇರುವ ನಿಂಜಾ ಎಚ್2ಆರ್‌ನಲ್ಲಿ ಒಸ್ಮಾನ್ ಗಾಜಿ ಸೇತುವೆ ಮೇಲೆ 400 ಮುಟ್ಟಿದ್ದು ಹಾಗೆ.

ಇಲ್ಲಿ ಆಟೋಬಾನ್‌ನಲ್ಲಿ ಮಿತಿ ಇಲ್ಲದ ಭಾಗಗಳಿವೆ, ಆದರೂ 200ರ ಮೇಲೆ ಹೆಚ್ಚು ಹೊತ್ತು ಹೋಗುವವರು ಕಡಿಮೆ. ಗಾಳಿ ಹೆಲ್ಮೆಟ್ ಹಿಡಿದು ಎಳೆಯುತ್ತದೆ, ಟ್ಯಾಂಕ್ ಮೇಲೆ ಮಲಗಿಕೊಂಡೇ ಇರಬೇಕು, ಪೆಟ್ರೋಲ್ ಮುಳ್ಳು ಕಣ್ಣೆದುರೇ ಇಳಿಯುತ್ತದೆ. ಎಡಗಡೆಯಿಂದ 130ರಲ್ಲಿ ಒಂದು ಕಾರು ಹೊರಬಂದರೆ ಎದೆ ಝಲ್ ಅನ್ನುತ್ತದೆ.

ಕ್ಯಾಮ್‌ಶಾಫ್ಟ್_ಕೋಲಾರ

ಗೇರಿಂಗ್ ವಿಷಯ ಒಪ್ಪಿದೆ. ನಾನು ಹೇಳಿದ್ದೂ ಗೇರ್ ಮುಟ್ಟದೇ ಇದ್ದಾಗಿನ ಮಾತೇ. ಆದರೆ ಶೆಟ್ರೇ, ಜರ್ಮನಿಯಲ್ಲಿ ಬಲಗಡೆ ಹೋಗೋದಲ್ವಾ, ಕಾರು ಹೊರಬರುವುದು ಬಲಗಡೆಯಿಂದ ತಾನೇ?

ಷ್ಟುಟ್‌ಗಾರ್ಟ್_ಶೆಟ್ಟಿ

ಹೌದು ಮಾರಾಯ್ರೇ, ಬಲಗಡೆಯಿಂದಲೇ. ಊರಿನ ರಸ್ತೆ ತಲೆಯಲ್ಲಿತ್ತು.

ಹೆಬ್ಬಾಳ_ಫ್ಲೈಓವರ್

ನನ್ನ ಹತ್ತಿರ ಮೂರನೇ ತಲೆಮಾರಿನದು ಇದೆ, ಬೆಂಗಳೂರಲ್ಲೇ ಓಡಿಸುವುದು. ಲೆಕ್ಕ ಎಲ್ಲ ಮೇಲಿನವರು ಹೇಳಿದ್ದಾರೆ. ನಾನು ರಸ್ತೆ ಮೇಲಿನದ್ದು ಹೇಳುತ್ತೇನೆ.

ಮೊದಲ ಗೇರ್ ತುಂಬಾ ಉದ್ದ. ಗೇರ್ ಅನುಪಾತ, ಚೈನ್ ಸ್ಪ್ರಾಕೆಟ್ 18/43, ಹಿಂದಿನ 190/50 ಟೈರ್, ಇಷ್ಟು ಹಿಡಿದು ಲೆಕ್ಕ ಹಾಕಿದರೆ ಮೊದಲ ಗೇರ್‌ನಲ್ಲಿ 7000 ಆರ್‌ಪಿಎಂಗೆ ಸುಮಾರು 82 ಕಿಮೀ ವೇಗ ಬರುತ್ತದೆ. 10 ಸಾವಿರಕ್ಕೆ 117. ಈಗ ನೋಡಿ, 2018ರ ಕೇಂದ್ರದ ಅಧಿಸೂಚನೆ ಪ್ರಕಾರ ನಾಲ್ಕು ಲೇನ್ ಹೈವೇಯಲ್ಲೂ ಬೈಕ್‌ಗೆ ಮಿತಿ 80. ಅಂದರೆ ಗರಿಷ್ಠ ಟಾರ್ಕ್ ಬರುವ ಮೊದಲೇ, ಮೊದಲ ಗೇರ್‌ನಲ್ಲೇ, ಕಾನೂನು ಮುಗಿದುಹೋಗುತ್ತದೆ. ಆರನೇ ಗೇರ್‌ನಲ್ಲಿ 80 ಅಂದರೆ 2700 ಆರ್‌ಪಿಎಂ. ನೂರಕ್ಕೆ 3400. ಇಂಜಿನ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಅನುಮಾನ ಬರುವಷ್ಟು ತಣ್ಣಗೆ ಹೋಗುತ್ತದೆ. ಹಾಗಾಗಿ 190ಕ್ಕೂ 197ಕ್ಕೂ ನಡುವೆ ತಲೆ ಕೆಡಿಸಿಕೊಳ್ಳಬೇಡಿ. ಆ ಏಳು ಪಿಎಸ್ ಇರುವ ಜಾಗಕ್ಕೆ ನೀವು ರಸ್ತೆಯಲ್ಲಿ ಹೋಗುವುದೇ ಇಲ್ಲ.

ತಣ್ಣಗೆ ಅಂದೆ, ಅದು ಹೈವೇ ಮಾತು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತರೆ ಫ್ಯಾನ್ ಓಡಲು ಶುರು, ಬಿಸಿಗಾಳಿ ನೇರ ಮೊಣಕಾಲಿಗೆ. ಏಪ್ರಿಲ್‌ನಲ್ಲಿ ಜೀನ್ಸ್ ಹಾಕಿಕೊಂಡು ಒಂದು ಸಲ ಅನುಭವಿಸಿ, ಆಮೇಲೆ ಮಾತಾಡೋಣ. ಕಂಪನಿ ಲೆಕ್ಕದಲ್ಲಿ ನೂರು ಕಿಲೋಮೀಟರ್‌ಗೆ 6.7 ಲೀಟರ್, ಅಂದರೆ ಲೀಟರ್‌ಗೆ ಹದಿನೈದರ ಹತ್ತಿರ. ಸಿಟಿಯಲ್ಲಿ ಅದನ್ನು ಮರೆತುಬಿಡಿ. ಟ್ಯಾಂಕ್ 20 ಲೀಟರ್.

ಸೀಟ್ ಎತ್ತರ 800 ಮಿಮೀ, ಕಾಲು ಆರಾಮಾಗಿ ನೆಲಕ್ಕೆ ಸಿಗುತ್ತದೆ. ತೂಕ ಗೊತ್ತಾಗುವುದು ಪಾರ್ಕಿಂಗ್‌ನಲ್ಲಿ. ಸ್ವಲ್ಪ ಇಳಿಜಾರಿನಲ್ಲಿ ಮುಂದೆ ಮೂತಿ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ಎಳೆಯಲು ಇನ್ನೊಬ್ಬರನ್ನು ಕರೆಯಬೇಕು. ನಾನು ಎಲ್ಲಿ ನಿಲ್ಲಿಸಬೇಕಾದರೂ ಮೊದಲು ನೆಲದ ಇಳಿಜಾರು ನೋಡುತ್ತೇನೆ. ಗ್ರೌಂಡ್ ಕ್ಲಿಯರೆನ್ಸ್ 125 ಮಿಮೀ, ವೀಲ್‌ಬೇಸ್ 1480. ನಮ್ಮ ಹಳ್ಳಿಗಳ ಹಂಪ್ ಯಾವ ಅಳತೆಗೂ ಸಿಗುವುದಿಲ್ಲ. ಹಿಂದೆ ಯಾರಾದರೂ ಕೂತಿದ್ದರೆ ಹಂಪ್ ಹತ್ತಿರ ಇಳಿಸಿ, ದಾಟಿಸಿ, ಮತ್ತೆ ಹತ್ತಿಸಿಕೊಳ್ಳುವುದೇ ಒಳ್ಳೆಯದು.

ಮೈಸೂರು ಕಡೆ ಹೋಗುವ ಆಸೆ ಇದ್ದರೆ, 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. 190 ಪಿಎಸ್ ಇದ್ದರೂ ಸರ್ವಿಸ್ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಹೋಗಬೇಕು. ದಾವಣಗೆರೆ ರಸ್ತೆ ಪರವಾಗಿಲ್ಲ. ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರ ಅಡ್ಡಗಾಳಿ ಹೊಡೆದಾಗ ಹಗುರ ಬೈಕ್‌ಗಳು ಲೇನ್ ಬಿಟ್ಟು ಸರಿಯುತ್ತವೆ. ಇದರಲ್ಲಿ ಆ ಭಾರ ಅಲ್ಲಿ ಮಾತ್ರ ಉಪಕಾರಕ್ಕೆ ಬರುತ್ತದೆ.

ಜೆನ್2_ಭಕ್ತ

ಎಲ್ಲರೂ ಹೊಸದನ್ನೇ ಹೊಗಳಿದ್ದೀರಿ. ಹಳೆಯದರ ಪರವಾಗಿ ಒಬ್ಬನಾದರೂ ಇರಲಿ. 9500 ಆರ್‌ಪಿಎಂನಲ್ಲಿ 197 ಪಿಎಸ್ ಕೊಡುವಾಗ ಬರುವ ಮಜಾ ಹೊಸದರಲ್ಲಿ ಇಲ್ಲ. ಥ್ರಾಟಲ್‌ಗೆ ನಿಜವಾದ ಕೇಬಲ್ ಇದೆ, ಕೈ ಹೇಳಿದ್ದು ಇಂಜಿನ್ ಕೇಳುತ್ತದೆ. ಓಡಿಸಲು ಬರುವವನಿಗೆ ಹಿಂದಿನ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಯಾಕೆ ಬೇಕು? ಇಷ್ಟು ವರ್ಷ ಜನ ಅದಿಲ್ಲದೆ ಓಡಿಸಲಿಲ್ವಾ? ಬೆಲೆಯಲ್ಲೂ ಅರ್ಧಕ್ಕರ್ಧ ವ್ಯತ್ಯಾಸ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೇಲಿನ ಬೈಕ್‌ಗಳಿಗೆ ಜಿಎಸ್‌ಟಿ 40 ಶೇಕಡ ಆಗಿದೆ, ಮೊದಲು ಸೆಸ್ ಸೇರಿ 31 ಇತ್ತು. ಅದರ ಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್. ಆ ದುಡ್ಡಲ್ಲಿ ಹಳೆಯದು ತಗೊಂಡು, ಉಳಿದಿದ್ದರಲ್ಲಿ ಟೈರ್, ಹೆಲ್ಮೆಟ್-ಜಾಕೆಟ್, ಪೆಟ್ರೋಲ್ ಎಲ್ಲ ನೋಡಿಕೊಳ್ಳಬಹುದು.

ಹೆಬ್ಬಾಳ_ಫ್ಲೈಓವರ್

@ಜೆನ್2_ಭಕ್ತ ಬೆಲೆ ವಿಷಯಕ್ಕೆ ನನ್ನ ತಕರಾರಿಲ್ಲ. ಟ್ರ್ಯಾಕ್ಷನ್ ಕಂಟ್ರೋಲ್ ಮಾತಿಗೆ ಇದೆ. ಜನ ಓಡಿಸಿದರು ನಿಜ, ಬಿದ್ದವರನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೇಳುತ್ತಿರುವವರು 43 ಪಿಎಸ್ ಗಾಡಿಯಿಂದ ನೇರ ಇಲ್ಲಿಗೆ ಬರುತ್ತಿದ್ದಾರೆ. ಮೊದಲ ಮಳೆ ಬಿದ್ದ ದಿನ, ಟೋಲ್ ಗೇಟ್ ಮುಂದೆ ಲಾರಿಗಳ ಆಯಿಲ್ ಸೋರಿದ ಕಾಂಕ್ರೀಟ್ ಮೇಲೆ, ಎರಡನೇ ಗೇರ್‌ನಲ್ಲಿ ಥ್ರಾಟಲ್ ಒಂದು ಚೂರು ಜಾಸ್ತಿ ತಿರುಗಿದರೆ ಹಿಂದಿನ ಚಕ್ರ ಪಕ್ಕಕ್ಕೆ ಬರುತ್ತದೆ. ಹೊಸದರಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಒಂದು ದೀಪ ಮಿನುಗಿ ಸುಮ್ಮನಾಗುತ್ತದೆ. ಆರು ಅಕ್ಷದ ಸೆನ್ಸರ್ ಗಾಡಿ ಎಷ್ಟು ವಾಲಿದೆ ಅಂತ ನೋಡಿಕೊಂಡು ಪವರ್ ಕತ್ತರಿಸುತ್ತದೆ, ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಕೂಡ ಅದನ್ನೇ ಕೇಳಿ ಕೆಲಸ ಮಾಡುತ್ತದೆ. ಟ್ರ್ಯಾಕ್ಷನ್‌ಗೆ ಹತ್ತು ಹಂತ, ಪವರ್‌ಗೆ ಮೂರು ಮೋಡ್. ಮಳೆಯಲ್ಲಿ ನಾನು ಎಲ್ಲಕ್ಕಿಂತ ಮೆದುವಾದ ಸಿ ಮೋಡ್‌ಗೆ ಹಾಕಿ ಮರೆತುಬಿಡುತ್ತೇನೆ. ಇಷ್ಟ ಇಲ್ಲದಿದ್ದರೆ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ. ಹಳೆಯದರಲ್ಲಿ ಆನ್ ಮಾಡುವ ಸ್ವಿಚ್ಚೇ ಇಲ್ಲವಲ್ಲ.

ನಿಂತಲ್ಲಿಂದ ಜೋರಾಗಿ ಹೊರಡಲು ಇರುವ ಲಾಂಚ್ ಕಂಟ್ರೋಲ್ ಮಾತ್ರ ಶುದ್ಧ ಶೋಕಿ, ಅದು ಒಪ್ಪಿಕೊಳ್ಳುತ್ತೇನೆ.

ಬೆಣ್ಣೆದೋಸೆ_390

ಎಲ್ಲರಿಗೂ ಥ್ಯಾಂಕ್ಸ್, ತಲೆ ಸ್ವಲ್ಪ ತಿಳಿಯಾಯ್ತು. ಮೊದಲ ಗೇರ್‌ನಲ್ಲೇ ಕಾನೂನು ಮುಗಿಯುತ್ತದೆ ಅನ್ನೋದು ಓದಿ ನಗು ಬಂತು, ಹೆಂಡತಿಗೆ ತೋರಿಸಲಿಲ್ಲ. ಆ ಸೆಕೆಂಡ್ ಹ್ಯಾಂಡ್ ಗಾಡಿ ಮನಸ್ಸಿಂದ ಹೋಗುತ್ತಿಲ್ಲ. ಮತ್ತೆ ನೋಡೋಕೆ ಹೋದರೆ ಏನೇನು ಗಮನಿಸಬೇಕು? ಮಾಲೀಕರು 2012ರ ಗಾಡಿ ಅಂತ ಹೇಳಿದ್ದಾರೆ.

ಸ್ಪ್ಯಾನರ್_14

2012 ಅಂದರೆ ಎರಡು ವಿಷಯ ಮೊದಲೇ ತಿಳಿದಿರಲಿ. ಹಯಾಬುಸಾಗೆ ಎಬಿಎಸ್ ಮತ್ತು ಮುಂದೆ ಬ್ರೆಂಬೊ ಕಂಪನಿಯ ಬ್ರೇಕ್ ಕ್ಯಾಲಿಪರ್ ಬಂದಿದ್ದು 2013ರ ಮಾಡೆಲ್‌ಗೆ. ನೀವು ನೋಡಿದ್ದರಲ್ಲಿ ಎರಡೂ ಇರುವುದಿಲ್ಲ. 260 ಕೆಜಿ ಗಾಡಿಗೆ ಎಬಿಎಸ್ ಇಲ್ಲ ಅಂದರೆ ನಾನಾದರೆ ಅಲ್ಲೇ ಕೈಬಿಡುತ್ತೇನೆ. ಎರಡನೆಯದು, ಹರಿಯಾಣದಲ್ಲಿ ಜೋಡಿಸಿ ಮಾರಲು ಶುರು ಮಾಡಿದ್ದು 2016ರಲ್ಲಿ. ಅದಕ್ಕಿಂತ ಹಳೆಯದೆಲ್ಲ ಪೂರ್ತಿ ಗಾಡಿಯಾಗಿಯೇ ಹೊರಗಿನಿಂದ ಬಂದದ್ದು. ಶೋರೂಮ್ ಮೂಲಕ ಬಂದಿದ್ದರೆ ಸರಿ. ಯಾರೋ ಬೇರೆ ದಾರಿಯಲ್ಲಿ ತರಿಸಿದ್ದರೆ ಕಸ್ಟಮ್ಸ್ ಕಾಗದ ಕೇಳಿ. ಆರ್‌ಸಿ ಮೇಲಿರುವ ಚಾಸಿ ನಂಬರ್, ಇಂಜಿನ್ ನಂಬರ್ ಗಾಡಿ ಮೇಲಿನ ಕೆತ್ತನೆಗೆ ನೀವೇ ಹೋಲಿಸಿ ನೋಡಿ, ಫೋಟೋ ನಂಬಬೇಡಿ. ಸ್ಟೀರಿಂಗ್ ಹತ್ತಿರ ಟಾರ್ಚ್ ಹಾಕಿ ನೋಡಿದರೆ ಕೆತ್ತನೆ ಉಜ್ಜಿದ್ದಾರಾ ಅನ್ನೋದು ಕಾಣುತ್ತದೆ. ಬೇರೆ ರಾಜ್ಯದ ನಂಬರ್ ಇದ್ದರೆ ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕು, ಅದನ್ನು ಬೆಲೆಗೆ ಸೇರಿಸಿಕೊಂಡು ಚೌಕಾಸಿ ಮಾಡಿ.

ಗಾಡಿ ನೋಡೋಕೆ ಹೋಗುವ ಮೊದಲೇ ಫೋನ್ ಮಾಡಿ "ಇಂಜಿನ್ ಸ್ಟಾರ್ಟ್ ಮಾಡಬೇಡಿ, ನಾನು ಬಂದ ಮೇಲೆ ಮಾಡೋಣ" ಅಂತ ಹೇಳಿ. ಹೋದ ತಕ್ಷಣ ಇಂಜಿನ್ ಕೇಸ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಬಲಗಡೆ ಕಿವಿ ಕೊಡಿ. ಇಂಜಿನ್ ಒಳಗಿನ ಕ್ಯಾಮ್ ಚೈನ್ ಬಿಗಿ ಹಿಡಿಯುವ ಟೆನ್ಷನರ್ ಸೋತಿದ್ದರೆ ಕಟಕಟ ಸದ್ದು ಬರುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಪರವಾಗಿಲ್ಲ, ನಿಲ್ಲದಿದ್ದರೆ ಬೇಡ.

ಮುಂದಿನ ಫೋರ್ಕ್ ಮೇಲೆ ಬಿಳಿ ಟಿಶ್ಯೂ ಒರೆಸಿ, ಆಯಿಲ್ ಅಂಟಿದರೆ ಸೀಲ್ ಹೋಗಿದೆ. ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಉದ್ದ ಮಾಡಿಸಿದ್ದಾರಾ, ಗಾಡಿ ತಗ್ಗಿಸಿದ್ದಾರಾ ನೋಡಿ. ಡ್ರ್ಯಾಗ್ ರೇಸ್ ಹುಚ್ಚಿಗೆ ಹಾಗೆ ಮಾಡಿಸಿದ ಗಾಡಿಗಳು ಬಹಳ ಇವೆ. ಅವುಗಳ ಕ್ಲಚ್ ಮತ್ತು ಎರಡನೇ ಗೇರ್ ಎಷ್ಟು ಏಟು ತಿಂದಿರುತ್ತವೆ ಅಂತ ದೇವರಿಗೇ ಗೊತ್ತು. ಓಡಿಸಲು ಬಿಟ್ಟರೆ ಎರಡನೇ ಗೇರ್‌ನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ನೋಡಿ, ಗೇರ್ ಜಾರಿ ನ್ಯೂಟ್ರಲ್‌ಗೆ ಬಂದರೆ ಇಂಜಿನ್ ಪೂರ್ತಿ ಬಿಚ್ಚಬೇಕು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಟೈರ್ ಮೇಲಿನ ಗೆರೆಗಳು ಚೆನ್ನಾಗಿ ಕಂಡರೂ ರಬ್ಬರ್ ಗಟ್ಟಿಯಾಗಿದ್ದರೆ ಟೈರ್ ಜೋಡಿ ಬೆಲೆ ಕಳೆದು ಮಾತಾಡಿ.

ನನ್ನನ್ನು ಕೇಳಿದರೆ ಹಳೆಯದೇ ಬೇಕು ಅನ್ನುವವರು 2016ರಿಂದ 2019ರ ಒಳಗಿನದನ್ನು ಹುಡುಕಿ. ಎಬಿಎಸ್ ಇರುತ್ತದೆ, ಕಾಗದ ಸ್ವಚ್ಛ ಇರುತ್ತದೆ, ಸರ್ವಿಸ್ ದಾಖಲೆ ಶೋರೂಮ್‌ನಲ್ಲಿ ಸಿಗುತ್ತದೆ. 2012ರ ಗಾಡಿ ಮಾಲೀಕರು ಇಂಜಿನ್ ತಣ್ಣಗೆ ಇಡಲು ಒಪ್ಪಿದರೆ ಹೋಗಿ ಬನ್ನಿ. ಶನಿವಾರ ಆದರೆ ನಾನೂ ಬರುತ್ತೇನೆ, ಮೆಸೇಜ್ ಮಾಡಿ.